ಡೈರಿಯ ಅಂಚಿನ ಬೆಲೆಗಳು: ಒಂದು ಕಂಪ್ಯೂಟರ್ ಖರೀದಿಯ ಪ್ರಕರಣ

ಸಾಗರದಲ್ಲಿ ನಮ್ಮ ಭಾವನದೊಂದು ಸ್ಟುಡಿಯೊ. ಮದುವೆ, ಉಪನಯನ, ಗೃಹಪ್ರವೇಶ ಯಾವುದಿದ್ದರೂ ಫೋಟೊ, ವಿಡಿಯೊ, ಆಲ್ಬಂ ಮೂರೂ ಅಲ್ಲೇ. ಅವರ ವ್ಯವಹಾರವೆಲ್ಲ ಒಂದು ದಪ್ಪ ರಟ್ಟಿನ ಡೈರಿಯಲ್ಲಿ. ಎಡಗಡೆ ಮುಹೂರ್ತ, ಛತ್ರದ ಹೆಸರು. ಬಲಗಡೆ ಬಂದ ಅಡ್ವಾನ್ಸು. 2025ರ ಡೈರಿಯಲ್ಲಿ ಸೆಪ್ಟೆಂಬರ್ 28ರಿಂದಾಚೆ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನ ಇನ್ನೊಂದು ಲೆಕ್ಕ ಶುರುವಾಗುತ್ತದೆ: 9,650. 10,400. 12,300. 13,700. 14,950. 19,800. 22,600. ಇವು ಯಾರ ಅಡ್ವಾನ್ಸೂ ಅಲ್ಲ, ಒಂದೇ ವಸ್ತುವಿನ ಬೆಲೆ. ತಲಾ 16 ಜಿಬಿಯ ಎರಡು ರ‍್ಯಾಮ್ ಸ್ಟಿಕ್, ಅಂದರೆ ಕಂಪ್ಯೂಟರಿನ ಮೆಮೊರಿ ಪಟ್ಟಿ, ಇರುವ ಅಂಗೈಯಗಲದ ಪೊಟ್ಟಣ. ಕಾಲ ಏಳು ವಾರ.

ಆ ಏಳು ವಾರ ನಾನು ಭಾವನ ಜೊತೆಗಿದ್ದೆ. ಮನೆಯಲ್ಲಿ ಕಂಪ್ಯೂಟರ್ ತಿಳಿದವನು ಎಂದು ಹೆಸರಿರುವುದು ನನಗೆ. ಶಿವಮೊಗ್ಗದಲ್ಲಿ ಕೆಲಸ, ವಾರಕ್ಕೊಮ್ಮೆ ಸಾಗರ. ಅಂಕಿಗಳೆಲ್ಲ ಡೈರಿಯಿಂದಲೇ ತೆಗೆದವು. ನನ್ನ ನೆನಪಿನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ.

ಕಾಯಿರಿ ಎಂದದ್ದು

ಹಳೆಯ ಕಂಪ್ಯೂಟರ್ 2017ರದು. ಈಗ ಕ್ಯಾಮೆರಾ ಫೋರ್‌ಕೆ. ಎಡಿಟಿಂಗಿಗೆ ಧಾರೆಯ ದೃಶ್ಯವನ್ನು ಟೈಮ್‌ಲೈನಿಗೆ ಎಳೆದು ಬಿಟ್ಟರೆ ಪರದೆ ಅಲ್ಲೇ ನಿಲ್ಲುತ್ತದೆ. ಒಂದು ಗಂಟೆಯ ಮದುವೆ ಸಿನಿಮಾ ರೆಂಡರ್ ಆಗಬೇಕೆಂದರೆ, ಅಂದರೆ ಒಂದೇ ಫೈಲಾಗಿ ಹೊರಬರಬೇಕೆಂದರೆ, ರಾತ್ರಿ ಹಾಕಿಟ್ಟು ಮಲಗಬೇಕು, ನಡುವೆ ಕರೆಂಟ್ ಹೋಗದಿರಲಿ ಎಂದು ಬೇಡಿಕೊಳ್ಳಬೇಕು. ಮಲೆನಾಡಿನ ಮಳೆಗಾಲ ಕಂಡವರಿಗೆ ಆ ಬೇಡಿಕೆಯ ಫಲ ಗೊತ್ತು. ತುಳಸಿ ಹಬ್ಬ ಕಳೆದರೆ ಮದುವೆ ಸೀಸನ್ ಶುರು, ಧನುರ್ಮಾಸ ಹೊಕ್ಕುವವರೆಗೆ ಬಿಡುವಿಲ್ಲ. ಅಷ್ಟರೊಳಗೆ ಹೊಸ ಯಂತ್ರ ಕೂರಬೇಕಿತ್ತು.

ಸಿದ್ಧ ಕಂಪ್ಯೂಟರ್ ಬೇಡ, ಬಿಡಿಭಾಗ ತಂದು ಜೋಡಿಸೋಣ ಎಂದು ನಿರ್ಧಾರವಾಯಿತು. ಸೆಪ್ಟೆಂಬರ್ 28, ಭಾನುವಾರ, ಸ್ಟುಡಿಯೊದಲ್ಲಿ ಕೂತು ಒಂದೇ ತಾಣದಲ್ಲಿ ಏಳು ಸಾಮಾನು ಕಾರ್ಟಿಗೆ ಹಾಕಿದೆ: ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಫೈಲುಗಳನ್ನಿಡಲು ಒಂದು ಟಿಬಿ ಎಸ್‌ಎಸ್‌ಡಿ, ಎಸ್‌ಎಂಪಿಎಸ್ (ಕರೆಂಟ್ ಪೂರೈಸುವ ಪೆಟ್ಟಿಗೆ), ಕ್ಯಾಬಿನೆಟ್. ಒಟ್ಟು 91,400 ರೂಪಾಯಿ. ಅದರಲ್ಲಿ ರ‍್ಯಾಮ್ 9,650. ನವರಾತ್ರಿ ಸೇಲ್ ನಡೆಯುತ್ತಿತ್ತು. ಅಕ್ಟೋಬರ್ 1ರ ಆಯುಧಪೂಜೆಗೆ ಹೊಸ ಕಂಪ್ಯೂಟರಿಗೇ ಕುಂಕುಮ ಇಡಬೇಕೆಂಬ ಆಸೆ ಭಾವನಿಗೆ.

“ದುಡ್ಡು ಇದೆ ಮಾರಾಯ, ಒತ್ತಿಬಿಡು” ಎಂದರು.

“ಅವಸರ ಎಂತಕ್ಕೆ ಭಾವ? ದೊಡ್ಡಬ್ಬಕ್ಕೆ ಇನ್ನೊಂದು ಸೇಲ್ ಬರ್ತದೆ. ಕಂಪ್ಯೂಟರ್ ಸಾಮಾನು ಇಳೀತದೆ ಹೊರತು ಏರಲ್ಲ” ಎಂದೆ ನಾನು.

ಈ ಪ್ರಕರಣದಲ್ಲಿ ಆದ ಮೊದಲ ತಪ್ಪು ಇದು, ಮಾಡಿದವನು ನಾನು. ಇಪ್ಪತ್ತು ವರ್ಷದಿಂದ ಕಂಡದ್ದನ್ನೇ ಹೇಳಿದ್ದೆ: ಕಾದವನಿಗೆ ಕಡಿಮೆ ಬೆಲೆಗೆ ಹೆಚ್ಚು ಜಿಬಿ. ಜೊತೆಗೆ ಪಾವತಿ ಪುಟದಲ್ಲಿ ಒಂದು ಕೊಕ್ಕೆ ಇತ್ತು. ಸಾಮಾನಿನ ಪುಟಗಳಲ್ಲಿ ದಪ್ಪಕ್ಷರದಲ್ಲಿ ಕಂಡ ಬೆಲೆ ನಿರ್ದಿಷ್ಟ ಖಾಸಗಿ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಇದ್ದವರದ್ದು. ಹತ್ತು ಪರ್ಸೆಂಟ್ ರಿಯಾಯಿತಿ, ಗರಿಷ್ಠ 1,500. ಭಾವನ ಖಾತೆಗಳೆರಡೂ ಸಹಕಾರಿ ಬ್ಯಾಂಕಿನವು. ಅಲ್ಲಿಯ ಕಾರ್ಡು ಇಂಥ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನನ್ನ ಸಹೋದ್ಯೋಗಿಯ ಕಾರ್ಡ್ ಕೇಳಿದೆ. ಅವನು ಆ ಸೇಲಿನ ರಿಯಾಯಿತಿಯನ್ನು ಆಗಲೇ ಒಂದು ಟಿವಿಗೆ ಸುರಿದಿದ್ದ. ದೀಪಾವಳಿಗೆ ಬೇರೆ ಕಾರ್ಡಿನವರು ಯಾರಾದರೂ ಸಿಗುತ್ತಾರೆ ಎಂದುಕೊಂಡೆ.

ನೋ ಕಾಸ್ಟ್ ಇಎಂಐ, ಅಂದರೆ ಬಡ್ಡಿಯಿಲ್ಲದ ಕಂತು, ಎಂಬುದನ್ನೂ ತೆರೆದು ನೋಡಿದ್ದೆವು. ಬಡ್ಡಿಯಷ್ಟು ಮೊತ್ತವನ್ನು ಮುಂಚೆಯೇ ರಿಯಾಯಿತಿಯಾಗಿ ಕಳೆದು, ಆಮೇಲೆ ಬಡ್ಡಿಯಾಗಿ ವಸೂಲು ಮಾಡುವ ಏರ್ಪಾಡು ಅದು. ಬಡ್ಡಿಯ ಮೇಲಿನ 18% ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಶುಲ್ಕ ಕೊಳ್ಳುವವನ ತಲೆಗೆ. ಸೊನ್ನೆ ಬಡ್ಡಿ ಎಂಬುದು ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಹೆಸರು ಬದಲಾಗಿದೆ, ಅಷ್ಟೆ.

ಇನ್ನೊಂದು ಗೊಂದಲ ಜಿಎಸ್‌ಟಿಯದೇ. ಸೆಪ್ಟೆಂಬರ್ 22ರಿಂದ ದರ ಇಳಿದಿದೆ, ಎಲ್ಲ ಅಗ್ಗ ಎಂದು ಊರೆಲ್ಲ ಮಾತು. ದೊಡ್ಡ ಟಿವಿ, ಎಸಿಗಳು 28ರಿಂದ 18ಕ್ಕೆ ಬಂದದ್ದು ನಿಜ. ಕಂಪ್ಯೂಟರ್ ಮತ್ತು ಬಿಡಿಭಾಗ ಮೊದಲೇ 18ರಲ್ಲಿದ್ದವು, ಅಲ್ಲೇ ಉಳಿದವು. ಭಾವನಿಗೆ ಇದನ್ನು ಬಿಡಿಸಿ ಹೇಳಿದೆನೇ ಎಂದು ಈಗ ಕೇಳಿಕೊಂಡರೆ, ಇಲ್ಲ. ಅವರು ಇಳಿಕೆಯ ಗುಂಗಿನಲ್ಲಿದ್ದರು, ನನಗೂ ಅದು ಅನುಕೂಲವೇ ಆಗಿತ್ತು.

63 ಪರ್ಸೆಂಟ್, 53 ಪರ್ಸೆಂಟ್

ಅಕ್ಟೋಬರ್ 8ಕ್ಕೆ 10,400. “ಸೇಲ್ ಮುಗಿದಿದೆ, ಅದಕ್ಕೆ” ಎಂದೆ. ಅಕ್ಟೋಬರ್ 18, ಧನತ್ರಯೋದಶಿ, ದೀಪಾವಳಿ ಸೇಲ್ ಜೋರಾಗಿ ನಡೆಯುತ್ತಿತ್ತು: 12,300.

ಆ ಪುಟದ ಚಿತ್ರವನ್ನು ಭಾವ ಮೊಬೈಲಿನಲ್ಲಿ ಉಳಿಸಿಕೊಂಡಿದ್ದಾರೆ. ಹಣತೆಯ ಚಿತ್ರ, ಕೆಂಪು ಪಟ್ಟಿ, “53% ರಿಯಾಯಿತಿ”, ಕೆಳಗೆ “ಎರಡೇ ಉಳಿದಿವೆ”. ಸೆಪ್ಟೆಂಬರಿನ ಚಿತ್ರದಲ್ಲಿ 63%. ಎರಡರಲ್ಲೂ ಅಡ್ಡಗೀಟು ಹೊಡೆದ ಎಂಆರ್‌ಪಿ ಒಂದೇ, 25,999. ಬೆಲೆ 2,650 ರೂಪಾಯಿ ಏರಿದ ಮೇಲೂ ಅದು ಹಬ್ಬದ ರಿಯಾಯಿತಿಯಾಗಿಯೇ ಕಾಣಬಲ್ಲದು, ಯಾಕೆಂದರೆ ಎಂಆರ್‌ಪಿ ಅಷ್ಟು ಎತ್ತರದಲ್ಲಿ ಕೂತಿದೆ. ಪೊಟ್ಟಣದ ಮೇಲಿನ ಗರಿಷ್ಠ ಬೆಲೆ ಮೀರಿ ಮಾರಬಾರದು, ಅದನ್ನು ತಾಣದಲ್ಲೂ ತೋರಿಸಬೇಕು ಎಂಬ ನಿಯಮ 2018ರ ಜನವರಿ 1ರಿಂದ ಆನ್‌ಲೈನ್ ಮಾರಾಟಕ್ಕೂ ಇದೆ. ಬಿಸ್ಕತ್ತಿನ ಪೊಟ್ಟಣಕ್ಕೆ ಅದು ಕೆಲಸಕ್ಕೆ ಬರುತ್ತದೆ. ಹತ್ತು ಸಾವಿರದ ಸಾಮಾನಿಗೆ ಇಪ್ಪತ್ತಾರು ಸಾವಿರ ಅಚ್ಚು ಹಾಕಿದ್ದರೆ ಯಾವುದನ್ನು ತಡೆದ ಹಾಗಾಯಿತು?

ಯುರೋಪಿಯನ್ ಒಕ್ಕೂಟದಲ್ಲಿ 2022ರ ಮೇ 28ರಿಂದ ಬೇರೊಂದು ಪದ್ಧತಿ ಇದೆ. ರಿಯಾಯಿತಿ ಎಂದು ಹೇಳಿಕೊಳ್ಳುವ ಅಂಗಡಿ, ಅದಕ್ಕೂ ಹಿಂದಿನ 30 ದಿನಗಳಲ್ಲಿ ತಾನು ಮಾರಿದ ಅತಿ ಕಡಿಮೆ ಬೆಲೆಯನ್ನು ತೋರಿಸಬೇಕು. ಆ ಲೆಕ್ಕದಲ್ಲಿ ನಮ್ಮ ಹಣತೆಯ ಪುಟದಲ್ಲಿ 9,650 ಕಾಣಬೇಕಿತ್ತು. ಸೆಪ್ಟೆಂಬರ್ 28ರಿಂದ ಅಕ್ಟೋಬರ್ 18ಕ್ಕೆ ಇಪ್ಪತ್ತೇ ದಿನ. ಅದನ್ನು ನೆನಪಿಟ್ಟದ್ದು ಭಾವನ ಪೆನ್ಸಿಲ್ ಒಂದೇ.

ಎರಡು ಫೋನು, ಎರಡು ಬೆಲೆ

ಅದೇ ಸಂಜೆ ಭಾವನ ಫೋನ್ ಬಂತು. “ನಂಗೆ 13,150 ತೋರಸ್ತಾ ಇದೆ. ನಿಂಗೆ ಎಷ್ಟು?” ನನ್ನದರಲ್ಲಿ 12,300. ಭಾವ ಕೆಂಡವಾದರು. ದಿನಾ ನೋಡುತ್ತಾನೆ, ಇವನಿಗೆ ಬೇಕೇ ಬೇಕು ಎಂದು ಆ ಮೊಬೈಲಿಗೆ ಗೊತ್ತಾಗಿದೆ, ಅದಕ್ಕೇ ಏರಿಸಿದ್ದಾರೆ ಎಂಬುದು ಅವರ ವಾದ. ಇದೇ ಮಾತನ್ನು ಬಸ್ ಟಿಕೆಟ್ ವಿಷಯದಲ್ಲಿ, ವಿಮಾನದ ವಿಷಯದಲ್ಲಿ ಎಲ್ಲರ ಬಾಯಲ್ಲೂ ಕೇಳಿದ್ದೇನೆ. ಪರೀಕ್ಷೆ ಮಾಡಿದವರನ್ನು ಕಂಡದ್ದು ಕಡಿಮೆ.

ಮಾಡಿದೆವು. ಅವರ ಫೋನಿನಲ್ಲಿ ಪಿನ್‌ಕೋಡ್ ಸಾಗರದ 577401 ಇತ್ತು, ನನ್ನದರಲ್ಲಿ ಶಿವಮೊಗ್ಗದ 577201. ಅವರು ನನ್ನ ಪಿನ್ ಹಾಕಿದ ಕೂಡಲೇ 12,300 ಬಂತು. ನಾನು ಸಾಗರದ್ದು ಹಾಕಿದೆ, 13,150. ಬೆಲೆಯ ಕೆಳಗೆ ಸಣ್ಣಕ್ಷರದಲ್ಲಿದ್ದ ಮಾರಾಟಗಾರರ ಹೆಸರೂ ಜೊತೆಗೇ ಬದಲಾಗುತ್ತಿತ್ತು. ಲಾಗಿನ್ ಇಲ್ಲದೆ, ಅಕ್ಕನ ಹೊಸ ಫೋನಿನಲ್ಲಿ, ಸ್ಟುಡಿಯೊದ ಕಂಪ್ಯೂಟರಿನಲ್ಲಿ ನೋಡಿದರೂ ಪಿನ್ ಒಂದೇ ಇದ್ದಾಗ ಬೆಲೆಯೂ ಒಂದೇ. ಕಾರಣ ಸರಳ. ಪುಟ ಒಂದು ಕಂಡರೂ ಅದರ ಹಿಂದೆ ಹಲವು ವ್ಯಾಪಾರಿಗಳಿರುತ್ತಾರೆ. ನಿಮ್ಮ ಊರಿಗೆ ತಲುಪಿಸಬಲ್ಲವರಲ್ಲಿ ಒಬ್ಬನನ್ನು ತಾಣ ಮುಂದೆ ನಿಲ್ಲಿಸುತ್ತದೆ. ಸಾಗರಕ್ಕೆ ಕಳಿಸದ ಅಗ್ಗದ ವ್ಯಾಪಾರಿ ಸಾಗರದವರ ಕಣ್ಣಿಗೆ ಬೀಳುವುದೇ ಇಲ್ಲ.

ಹಾಗೆಂದು ಭಾವನ ಅನುಮಾನ ಪೂರ್ತಿ ಹುಚ್ಚಲ್ಲ. 2000ದ ಸೆಪ್ಟೆಂಬರಿನಲ್ಲಿ ಅಮೆಜಾನ್ ಅಮೆರಿಕದಲ್ಲಿ ಒಂದೇ ಡಿವಿಡಿಗೆ ಬೇರೆ ಬೇರೆ ಗಿರಾಕಿಗಳಿಗೆ ಬೇರೆ ಬೇರೆ ಬೆಲೆ ತೋರಿಸಿ ಸಿಕ್ಕಿಬಿದ್ದಿತ್ತು. ಗಿರಾಕಿ ಯಾರೆಂದು ನೋಡಿ ಹಾಕಿದ್ದಲ್ಲ, ಲಾಟರಿಯಂತೆ ಹಂಚಿದ ಪರೀಕ್ಷೆ ಎಂದು ಕಂಪನಿ ಹೇಳಿತು; 6,896 ಜನರಿಗೆ ಸರಾಸರಿ 3 ಡಾಲರ್ 10 ಸೆಂಟ್ ವಾಪಸ್ ಕೊಟ್ಟಿತು. ತಂತ್ರ ಆಗಲೇ ಇತ್ತು ಎಂಬುದಕ್ಕೆ ಇದು ಸಾಕು. ನಮ್ಮ ಪ್ರಕರಣದಲ್ಲಿ ಮಾತ್ರ ಅದರ ಗುರುತು ಸಿಗಲಿಲ್ಲ.

ಭಾವನಿಗೆ ಎಕರೆಯಷ್ಟು ಅಡಿಕೆ ತೋಟವೂ ಇದೆ. ಬೆಲೆ ಏರಿಳಿಯುವುದು ಅವರಿಗೆ ಹೊಸತಲ್ಲ, ರಾಶಿ ಅಡಿಕೆಯ ದರ ಕೇಳಿಕೊಂಡೇ ಬೆಳಗಿನ ಕಾಫಿ ಕುಡಿಯುವವರು. ಪಿನ್‌ಕೋಡಿನ ವಿವರಣೆ ಕೇಳಿ ಅವರು ಹೇಳಿದ್ದು ಇಷ್ಟು: “ಅಡಿಕೆ ರೇಟು ದಿನಾ ಬದಲಾಗ್ತದೆ, ಒಪ್ಪಿದೆ. ಆದ್ರೆ ಟೆಂಡರ್ ಆದ್ಮೇಲೆ ಇವತ್ತಿನ ರೇಟು ಇಷ್ಟು ಅಂತ ಒಂದು ಇರ್ತದಲ್ಲ. ಬೇಡಾದ್ರೆ ಮಾಲು ವಾಪಸ್ ಒಯ್ಯಬಹುದು. ಇಲ್ಲಿ ಇವತ್ತಿನ ರೇಟು ಯಾವುದು ಅಂತ ಹೇಳು ನೋಡಾಣ.”

ನನ್ನ ಬಳಿ ಉತ್ತರ ಇರಲಿಲ್ಲ. ಕಾರ್ಡ್ ಇದ್ದವನ ಬೆಲೆ, ಇಲ್ಲದವನ ಬೆಲೆ, ಶಿವಮೊಗ್ಗದ ಬೆಲೆ, ಸಾಗರದ ಬೆಲೆ. ಹಣ ಕಟ್ಟುವ ಹಂತದಲ್ಲಿ ಸೇರುವ ಪ್ಲಾಟ್‌ಫಾರ್ಮ್ ಶುಲ್ಕ ಬೇರೆ. ಮನೆಗೆ ಬಂದ ಮೇಲೆ ದುಡ್ಡು ಕೊಡುತ್ತೇನೆ ಎಂದರೆ ಅದಕ್ಕೂ ಮೇಲುಶುಲ್ಕ. ಆ ಅಕ್ಟೋಬರಿನಲ್ಲೇ ಕೇಂದ್ರ ಗ್ರಾಹಕ ವ್ಯವಹಾರ ಸಚಿವ, ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿ, ಕ್ಯಾಶ್ ಆನ್ ಡೆಲಿವರಿಯ ಮೇಲುಶುಲ್ಕದ ಬಗ್ಗೆ ತನಿಖೆ ನಡೆಸುವುದಾಗಿ ಪ್ರಕಟಿಸಿದ್ದರು.

ಏರಿಕೆ ಎಲ್ಲಿಂದ ಬಂತು

ಅಕ್ಟೋಬರ್ ಕೊನೆಗೆ ಇದು ಸೇಲಿನ ಆಟವಷ್ಟೇ ಅಲ್ಲವೆಂದು ನನಗೆ ಹೊಳೆಯಿತು. ಉಳಿದ ಸಾಮಾನು ಅಷ್ಟಿಷ್ಟು ಹಿಂದೆ ಮುಂದೆ ಆಡುತ್ತಿದ್ದವು. ಒಂದೇ ದಿಕ್ಕಿನಲ್ಲಿ ಓಡುತ್ತಿದ್ದದ್ದು ರ‍್ಯಾಮ್, ಅದರ ಹಿಂದೆ ಮೆಲ್ಲಗೆ ಎಸ್‌ಎಸ್‌ಡಿ.

ಜಗತ್ತಿನ ರ‍್ಯಾಮ್ ಚಿಪ್ಪುಗಳಲ್ಲಿ ಬಹುಪಾಲು ತಯಾರಾಗುವುದು ಮೂರು ಕಂಪನಿಗಳಲ್ಲಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳಿಗೆ ಬೇಕಾದ ದುಬಾರಿ ಮೆಮೊರಿ ಕೂಡ ಇದೇ ಕಾರ್ಖಾನೆಗಳಲ್ಲಿ, ಇದೇ ಸಿಲಿಕಾನ್ ಬಿಲ್ಲೆಗಳ ಮೇಲೆ ಆಗಬೇಕು. ಹೆಚ್ಚು ಲಾಭ ಅಲ್ಲಿ. ನಾವು ಆಯುಧಪೂಜೆ ಮಾಡುತ್ತಿದ್ದ ಅಕ್ಟೋಬರ್ 1ರಂದೇ, ಚಾಟ್‌ಜಿಪಿಟಿಯ ಕಂಪನಿ ಓಪನ್ಎಐ ತನ್ನ ಡೇಟಾ ಸೆಂಟರುಗಳ ಸ್ಟಾರ್‌ಗೇಟ್ ಯೋಜನೆಗಾಗಿ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್ ಜೊತೆ ಕೈಜೋಡಿಸಿತ್ತು. ಅದರ ಗುರಿ ತಿಂಗಳಿಗೆ 9 ಲಕ್ಷ ಬಿಲ್ಲೆಗಳು. ಆಮೇಲೆ ಡಿಸೆಂಬರ್ 3ರಂದು ಮೈಕ್ರಾನ್, ನಮ್ಮಂಥವರು ಕೊಳ್ಳುವ ತನ್ನ ‘ಕ್ರೂಶಿಯಲ್’ ಬ್ರ್ಯಾಂಡನ್ನೇ ಮುಚ್ಚುವುದಾಗಿ ಹೇಳಿತು. ಗದ್ದೆಯ ನೀರನ್ನು ಮೇಲಿನವನು ತಿರುಗಿಸಿಕೊಂಡರೆ ಕೆಳಗಿನ ಮಡಿ ಒಣಗುವುದಕ್ಕೆ ವಾರ ಬೇಕಾಗುವುದಿಲ್ಲ.

ಡಾಲರ್ ಕಾರಣ ಎಂದವರೂ ಇದ್ದರು. ಸೆಪ್ಟೆಂಬರ್ ಕೊನೆಗೆ 88 ದಾಟಿದ್ದ ಡಾಲರ್, ಡಿಸೆಂಬರಿನಲ್ಲಿ 90 ದಾಟಿತು. ಅದರಿಂದ ಹತ್ತು ಸಾವಿರದ ಸಾಮಾನಿಗೆ ಇನ್ನೂರು ರೂಪಾಯಿ ಏರಬಹುದು, ಹನ್ನೆರಡು ಸಾವಿರ ಏರುವುದಿಲ್ಲ.

ವ್ಯಾಪಾರಿಗಳ ಕಡೆಯಿಂದ ನೋಡಿದರೆ, ಇವತ್ತು 12,000ಕ್ಕೆ ಮಾರಿದ ಪೊಟ್ಟಣದ ಜಾಗಕ್ಕೆ ನಾಳೆ ತರುವುದಕ್ಕೆ 14,000 ಬೇಕು. ಹಳೆಯ ದಾಸ್ತಾನು ಎಷ್ಟಕ್ಕೆ ಬಂದಿತ್ತು ಎಂಬುದು ಆಗ ಲೆಕ್ಕಕ್ಕಿಲ್ಲ. ನಾಳೆಯ ಖರೀದಿ ಬೆಲೆಗೆ ಇವತ್ತು ಮಾರುತ್ತಾರೆ. ಚಿನ್ನದಂಗಡಿಯಲ್ಲಿ ನಾವು ಇದನ್ನು ಪ್ರಶ್ನಿಸುವುದೂ ಇಲ್ಲ. ಭಾವ ಇದನ್ನು ಬೇಗ ಒಪ್ಪಿಕೊಂಡರು, ಒಂದು ಹಳೆಯ ಗಾಯವನ್ನೂ ತೆಗೆದರು: 2011ರ ಕೊನೆಯಲ್ಲಿ ಥಾಯ್ಲೆಂಡಿನ ನೆರೆಯಲ್ಲಿ ಹಾರ್ಡ್‌ಡಿಸ್ಕ್ ಕಾರ್ಖಾನೆಗಳು ಮುಳುಗಿದಾಗ, ಮದುವೆ ವಿಡಿಯೊ ಇಡಲು ದುಪ್ಪಟ್ಟು ಕೊಟ್ಟು ಡಿಸ್ಕ್ ತಂದದ್ದು. “ಆವಾಗ್ಲೂ ನೀನೇ ಹೇಳಿದ್ದೆ, ಇಳೀತದೆ ಅಂತ.” ನನಗೆ ನೆನಪಿರಲಿಲ್ಲ. ಹೇಳಿರಬೇಕು.

ನವೆಂಬರ್ 9, ರಾತ್ರಿ

ನವೆಂಬರ್ 4ರಂದು ಕೊನೆಗೂ ಒತ್ತಿದೆವು. ಪ್ರೊಸೆಸರ್ ಸೆಪ್ಟೆಂಬರಿಗಿಂತ 600 ಇಳಿದಿತ್ತು, ಗ್ರಾಫಿಕ್ಸ್ ಕಾರ್ಡ್ 1,900 ಏರಿತ್ತು, ಎಸ್‌ಎಸ್‌ಡಿ 850 ಏರಿತ್ತು. ಆರು ಸಾಮಾನು ಸೇರಿ 83,900. ರ‍್ಯಾಮ್ 14,950. ಒಟ್ಟು 98,850. ಕಾದದ್ದಕ್ಕೆ ತೆತ್ತದ್ದು 7,450 ರೂಪಾಯಿ. ಆರ್ಡರ್ ಮಾಡುವ ಮುನ್ನ ರ‍್ಯಾಮ್ ಅರ್ಧ ದಿನ ಕಾರ್ಟಿನಲ್ಲಿತ್ತು. ಕಾರ್ಟಿಗೆ ಹಾಕಿದರೆ ಬೆಲೆ ನಿಲ್ಲುತ್ತದೆ ಎಂದು ಭಾವ ತಿಳಿದಿದ್ದರು. ನಿಲ್ಲುವುದಿಲ್ಲ. ಸಂತೆಯಲ್ಲಿ ಚೀಲಕ್ಕೆ ಹಾಕಿಕೊಂಡ ಬದನೆಕಾಯಿಗೂ ಇದಕ್ಕೂ ವ್ಯತ್ಯಾಸ ಅದೇ.

ಪ್ರೊಸೆಸರ್ 7ಕ್ಕೆ ಬಂತು, ಮದರ್‌ಬೋರ್ಡ್ 8ಕ್ಕೆ. ಭಾನುವಾರ, 9ರ ರಾತ್ರಿ ಹತ್ತೂವರೆಗೆ ಸಂದೇಶ: ಅನಿವಾರ್ಯ ಕಾರಣದಿಂದ ರ‍್ಯಾಮ್ ಆರ್ಡರ್ ರದ್ದಾಗಿದೆ, ಹಣ ಮೂರರಿಂದ ಐದು ದಿನದಲ್ಲಿ ಮರಳುತ್ತದೆ. ಬೆಳಿಗ್ಗೆ ನೋಡಿದರೆ ಅದೇ ಪುಟದಲ್ಲಿ ಅದೇ ಪೊಟ್ಟಣ, ಬೇರೆ ಮಾರಾಟಗಾರನ ಹೆಸರು, 19,800. ಪಕ್ಕದಲ್ಲಿ “24% ರಿಯಾಯಿತಿ”.

ಬೆಲೆ ಏರಿದ್ದಕ್ಕಿಂತ ಇದು ದೊಡ್ಡ ಹೊಡೆತ, ಯಾಕೆಂದರೆ ಬಂದ ಸಾಮಾನನ್ನು ಹಿಂದಿರುಗಿಸುವಂತಿಲ್ಲ. ಬಿಡಿಭಾಗಗಳ ಪುಟದಲ್ಲಿ ಸಣ್ಣಗೆ ಬರೆದಿತ್ತು: ಏಳು ದಿನ, ಬದಲಿ ಮಾತ್ರ. ಕೆಟ್ಟಿದ್ದರೆ ಇನ್ನೊಂದು ಕೊಡುತ್ತಾರೆ, ದುಡ್ಡು ಕೊಡುವುದಿಲ್ಲ. ರ‍್ಯಾಮ್ ಇಲ್ಲದ ಮದರ್‌ಬೋರ್ಡ್ ಕೆಟ್ಟದ್ದೇನೂ ಅಲ್ಲವಲ್ಲ.

ಸ್ಟುಡಿಯೊಗೆ ಹೋದಾಗ ಭಾವ ಹಳೆಯ ಕಂಪ್ಯೂಟರ್ ಬಿಚ್ಚಿ ಅದರ ರ‍್ಯಾಮನ್ನು ಹೊಸ ಬೋರ್ಡಿಗೆ ಕೂರಿಸಲು ನೋಡುತ್ತಿದ್ದರು. ಹಳೆಯದು ಡಿಡಿಆರ್4, ಹೊಸದು ಡಿಡಿಆರ್5; ಒಂದರ ಜಾಗದಲ್ಲಿ ಇನ್ನೊಂದು ಕೂರದ ಎರಡು ತಲೆಮಾರು. ಉದ್ದ ಒಂದೇ, ಹೊಳೆಯುವ ಹಲ್ಲುಗಳೂ ಹೊರಗಣ್ಣಿಗೆ ಒಂದೇ. ನಡುವಿನ ಸಣ್ಣ ಕಚ್ಚು ಮಾತ್ರ ಒಂದೆರಡು ನೂಲು ಆಚೀಚೆ. ತಿರುಗಿಸಿ ಇಟ್ಟರು, ಮತ್ತೆ ತಿರುಗಿಸಿದರು. “ಒಂಚೂರು ಒತ್ತಿದ್ರೆ?” ಎಂದು ನನ್ನ ಮುಖ ನೋಡಿದರು. ಬೇಡ ಭಾವ, ಎಂದೆ. ಬೋರ್ಡಿನ ಮೇಲಿನ ರಕ್ಷಣೆಯ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ.

ದೂರು

ಗ್ರಾಹಕ ಸೇವೆಯ ಚಾಟಿನಲ್ಲಿ ಸಿಕ್ಕಿದ್ದು ವಿಷಾದ, ಜೊತೆಗೆ ವ್ಯಾಲೆಟ್ಟಿಗೆ 250 ರೂಪಾಯಿ. ಅದೇ ಬೆಲೆಗೆ ಕೊಡಿ ಎಂದದ್ದಕ್ಕೆ ಉತ್ತರ: ಬೆಲೆ ನಿರ್ಧರಿಸುವವರು ಮಾರಾಟಗಾರರು, ನಾವು ವೇದಿಕೆ ಮಾತ್ರ. ಇದು ಬರೀ ನೆಪವಲ್ಲ. ವಿದೇಶಿ ಬಂಡವಾಳದ ಆನ್‌ಲೈನ್ ಮಾರುಕಟ್ಟೆಗಳು ಮಾರಾಟದ ಬೆಲೆಯ ಮೇಲೆ ನೇರವಾಗಿಯೋ ಪರೋಕ್ಷವಾಗಿಯೋ ಪ್ರಭಾವ ಬೀರಕೂಡದು ಎಂಬುದು ಸರ್ಕಾರದ್ದೇ ನಿಯಮ. ಆದರೆ ಹಣತೆಯ ಚಿತ್ರ, ಕೆಂಪು ಪಟ್ಟಿ, “ಎರಡೇ ಉಳಿದಿವೆ” ಎಂಬ ಸಾಲು, ಇವನ್ನೆಲ್ಲ ಬರೆದದ್ದು ವೇದಿಕೆಯೇ ತಾನೆ?

ಕಾನೂನಿನ ಪ್ರಶ್ನೆ ನಿಜಕ್ಕೂ ಜಟಿಲ. ಅಂಗಡಿ ಬೆಲೆ ಹಚ್ಚಿದ ಮಾತ್ರಕ್ಕೆ ಮಾರಲು ಒಪ್ಪಿದಂತಲ್ಲ, ಅದು ಗಿರಾಕಿಯನ್ನು ಕರೆಯುವುದಷ್ಟೇ ಎಂಬುದು ಒಪ್ಪಂದ ಕಾನೂನಿನ ಹಳೆಯ ಪಾಠ. ಈ ತಾಣದ ಷರತ್ತುಗಳಲ್ಲೂ ಸಾಮಾನು ರವಾನೆಯಾದಾಗಲೇ ಒಪ್ಪಂದ ಎಂದಿದೆ. ದುಡ್ಡು ಆ ಐದು ದಿನ ಅವರ ಹತ್ತಿರ, ಒಪ್ಪಂದ ಮಾತ್ರ ಇನ್ನೂ ಹುಟ್ಟಿಲ್ಲ! ಇನ್ನೊಂದು ಕಡೆಯ ಉದಾಹರಣೆಯೂ ಇದೆ. 2014ರ ಡಿಸೆಂಬರಿನಲ್ಲಿ ಒಡಿಶಾದ ಕಾನೂನು ವಿದ್ಯಾರ್ಥಿಯೊಬ್ಬ 190 ರೂಪಾಯಿಗೆ ಹಾಕಿದ್ದ ಲ್ಯಾಪ್‌ಟಾಪನ್ನು ಆರ್ಡರ್ ಮಾಡಿದ. ಅದರ ಬೆಲೆ 23,499. ಖಾತ್ರಿ ಬಂತು, ಸ್ವಲ್ಪ ಹೊತ್ತಿಗೆ ರದ್ದಾಯಿತು. ಆತ ಗ್ರಾಹಕರ ವೇದಿಕೆಗೆ ಹೋದ. 2021ರ ಜನವರಿಯಲ್ಲಿ ಒಡಿಶಾ ರಾಜ್ಯ ಗ್ರಾಹಕ ಆಯೋಗ ಪರಿಹಾರ, ದಂಡ, ಖರ್ಚು ಸೇರಿ 45,000 ಕೊಡುವಂತೆ ತಾಣಕ್ಕೆ ಆದೇಶಿಸಿತು. 190 ರೂಪಾಯಿ ಕಣ್ತಪ್ಪು ಎಂದು ಯಾರಿಗಾದರೂ ತಿಳಿಯುವಂಥದ್ದು. ನಮ್ಮ 14,950 ಕಣ್ತಪ್ಪಲ್ಲ, ಅವತ್ತಿನ ಮಾರುಕಟ್ಟೆ ಬೆಲೆ. ನಮ್ಮ ಹಕ್ಕು ಇನ್ನೂ ಗಟ್ಟಿ ಎಂದೇ ನನಗೆ ಅನಿಸುತ್ತದೆ. ವಕೀಲರ ಅಭಿಪ್ರಾಯ ಬೇರೆ ಇರಬಹುದು.

2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ, ಕೊಡುವ ಉದ್ದೇಶವೇ ಇಲ್ಲದ ಅಗ್ಗದ ಬೆಲೆ ಜಾಹೀರು ಮಾಡುವುದು ಅನುಚಿತ ವ್ಯಾಪಾರ ಪದ್ಧತಿ. 2023ರ ನವೆಂಬರ್ 30ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ಪಟ್ಟಿ ಮಾಡಿದ 13 ಕುತಂತ್ರಗಳಲ್ಲಿ ಸುಳ್ಳು ಅವಸರ ಹುಟ್ಟಿಸುವುದು, ಒಂದನ್ನು ತೋರಿಸಿ ಇನ್ನೊಂದನ್ನು ಕೊಡುವುದು, ಬೆಲೆಯನ್ನು ಹನಿಹನಿಯಾಗಿ ಹೇಳುವುದು ಮೂರೂ ಇವೆ. ಇವನ್ನೆಲ್ಲ ಹಿಡಿದು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕರೆ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ತಾಳ್ಮೆಯಿಂದ ಬರೆದುಕೊಂಡರು, ದೂರಿನ ಸಂಖ್ಯೆ ಬಂತು. ಹನ್ನೊಂದನೇ ದಿನ ಕಂಪನಿಯ ಉತ್ತರ: ಹಣ ಮರುಪಾವತಿಯಾಗಿದೆ. ದೂರು ಮುಕ್ತಾಯ. ಹಣ ಬಂದಿಲ್ಲವೆಂದು ನಾವು ಹೇಳಿರಲೇ ಇಲ್ಲ.

ಮುಂದಿನ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಎರಡು ವರ್ಷದೊಳಗೆ ಹಾಕಿದರೆ ಸಾಕು. ಭಾವ ಬೇಡವೆಂದರು. “ಐದು ಸಾವಿರಕ್ಕೆ ಕೋರ್ಟ್ ಮೆಟ್ಲು ಹತ್ತಿದ್ರೆ ಮದುವೆ ಯಾರು ತೆಗೀತಾರೆ?” ಲೆಕ್ಕ ಸರಿಯಾಗಿಯೇ ಇತ್ತು. ಆ ಇನ್ನೊಂದು ಕಡೆಯವರೂ ಬಹುಶಃ ಇದೇ ಲೆಕ್ಕದ ಮೇಲೆ ನಿಂತಿದ್ದಾರೆ.

ಎಸ್.ಪಿ. ರೋಡ್

ನವೆಂಬರ್ 15ಕ್ಕೆ ಬೆಲೆ 22,600. 23ರ ಭಾನುವಾರ ಮೊದಲ ಮದುವೆ. ತಾಳಗುಪ್ಪದ ರಾತ್ರಿ ರೈಲು ಹತ್ತಿ ನಾವಿಬ್ಬರೂ 18ರ ಬೆಳಿಗ್ಗೆ ಬೆಂಗಳೂರಿಗೆ ಇಳಿದೆವು. ಟೌನ್‌ಹಾಲ್ ಹತ್ತಿರ ಇಡ್ಲಿ ತಿಂದು, ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಕಂಪ್ಯೂಟರ್ ಸಾಮಾನಿನ ಪೇಟೆ ಎಸ್.ಪಿ. ರೋಡಿನಲ್ಲಿದ್ದೆವು.

ಅಲ್ಲೇನೂ ಸತ್ಯಯುಗ ನಡೆಯುತ್ತಿರಲಿಲ್ಲ. ಮೊದಲ ಅಂಗಡಿಯವನು ಬೆಲೆ ಹೇಳುವ ಮುಂಚೆ ಯಾರಿಗೋ ಫೋನ್ ಹಚ್ಚಿ “ಇವತ್ತು ಎಷ್ಟು?” ಎಂದು ಕೇಳಿದ. ಎರಡನೆಯವನು ನಮ್ಮನ್ನು ಕೇಳಿದ, “ಬಿಲ್ ಬೇಕಾ?” ಬಿಲ್ ಬೇಡವೆಂದರೆ ಸಾವಿರದಷ್ಟು ಕಡಿಮೆ, ವಾರಂಟಿ ಅವನ ಬಾಯಿಮಾತು. ಮೂರನೆಯವನು ಜೋಡಿ ಪೊಟ್ಟಣಕ್ಕೆ 21,000 ಎಂದ. ನಾಲ್ಕನೇ ಅಂಗಡಿಯಲ್ಲಿ ಹಿರಿಯರೊಬ್ಬರು ಡ್ರಾಯರ್ ಎಳೆದು ಬಿಡಿ ಸ್ಟಿಕ್ ಒಂದನ್ನು ಗಾಜಿನ ಮೇಲೆ ಇಟ್ಟರು. 16 ಜಿಬಿ, ಸೀಲ್ ಒಡೆದಿಲ್ಲ. 10,500. ಭಾವ ಚೌಕಾಸಿಗೆ ಇಳಿದರು; ಎರಡು ತಿಂಗಳಿಂದ ಆ ಬಾಯಿಗೆ ಕೆಲಸವೇ ಇರಲಿಲ್ಲ. ಸಾಗರ, ಮದುವೆ, ರೈಲು, ರದ್ದಾದ ಆರ್ಡರ್ ಎಲ್ಲ ಬಂತು. 9,800ಕ್ಕೆ ಬಿಲ್ ಸಮೇತ ಆಯಿತು. ಬಿಲ್ ಪುಸ್ತಕದ ಕಾರ್ಬನ್ ಹಾಳೆ ಸರಿಪಡಿಸುತ್ತ ಅವರು, “ನಾಳೆ ಬಂದಿದ್ರೆ ಈ ರೇಟಿಗೆ ಕೊಡ್ತಿರಲಿಲ್ಲ ಸ್ವಾಮಿ” ಎಂದರು. ಆನ್‌ಲೈನ್ ಪುಟವೂ ಇದನ್ನೇ ಹೇಳುತ್ತಿತ್ತು; ಇವರ ಬಾಯಿಂದ ಬಂದಾಗ ನಂಬಿಕೆ ಬಂತು. ಯಾಕೆ ಎಂದು ನನಗಿನ್ನೂ ಸ್ಪಷ್ಟವಿಲ್ಲ. ಪೊಟ್ಟಣ ಅಷ್ಟರಲ್ಲಿ ಭಾವನ ಅಂಗಿ ಜೇಬಿನಲ್ಲಿತ್ತು ಎಂಬುದೇ ಇರಬಹುದು.

ಒಂದೇ ಸ್ಟಿಕ್ಕಿನಲ್ಲಿ ಯಂತ್ರ ಓಡುತ್ತದೆ, ಎರಡಿದ್ದಷ್ಟು ಚುರುಕಾಗಿ ಅಲ್ಲ. ಒಟ್ಟು ಖರ್ಚು 93,700. ಸೆಪ್ಟೆಂಬರಿನ ಪೂರ್ತಿ ಕಂಪ್ಯೂಟರಿಗಿಂತ 2,300 ಹೆಚ್ಚು ಕೊಟ್ಟು ಅರ್ಧ ಮೆಮೊರಿಯ ಕಂಪ್ಯೂಟರ್ ಬಂದಂತಾಯಿತು. ರೈಲು, ಇಡ್ಲಿಯ ಲೆಕ್ಕ ಹಿಡಿದಿಲ್ಲ. 23ರ ಮದುವೆಯ ಧಾರೆ ಮಾತ್ರ ಟೈಮ್‌ಲೈನಿನಲ್ಲಿ ಎಲ್ಲೂ ನಿಲ್ಲದೆ ಹರಿಯಿತು.

ಎರಡನೇ ಸ್ಲಾಟ್ ಇನ್ನೂ ಖಾಲಿ. ಡಿಸೆಂಬರ್ ಕೊನೆಗೆ ಅದೇ ಸ್ಟಿಕ್ಕಿಗೆ ಡೈರಿಯಲ್ಲಿ 14,000 ಎಂದಿದೆ. ಸಂಕ್ರಾಂತಿಯ ಮರುದಿನ ಸ್ಟುಡಿಯೊದಲ್ಲಿ ಕೂತಿದ್ದಾಗ ಹೊಸನಗರದ ಕಡೆಯವರೊಬ್ಬರು ಮಗಳ ಮದುವೆಗೆ ಬುಕ್ ಮಾಡಲು ಬಂದರು. ಮೇ ತಿಂಗಳ ಮುಹೂರ್ತ. ಫೋಟೊ, ವಿಡಿಯೊ, ಆಲ್ಬಂ ಎಲ್ಲ ಮಾತಾಯಿತು. ವಿಡಿಯೊವನ್ನು 128 ಜಿಬಿ ಪೆನ್‌ಡ್ರೈವಿನಲ್ಲಿ ಹಾಕಿ ಕೊಡಬೇಕಂತೆ, ಎರಡು ಕಾಪಿ. ಭಾವ ಡೈರಿಯ ಎಡಗಡೆ ಛತ್ರದ ಹೆಸರು ಬರೆದರು, ಬಲಗಡೆ ಅಡ್ವಾನ್ಸ್ ಬರೆದರು, ಪೆನ್ನು ಕೆಳಗಿಟ್ಟು ಪೆನ್ಸಿಲ್ ತಗೊಂಡರು.

“ಆಲ್ಬಂ ಇದೇ ರೇಟು. ಪೆನ್‌ಡ್ರೈವಿಂದು ಮಾತ್ರ ಆವತ್ತಿನ ರೇಟು, ಈಗ ಹೇಳಕ್ಕಾಗಲ್ಲ.”

“ಅದೆಂಥ ವ್ಯಾಪಾರ ಮಾರಾಯ್ರೆ?” ಎಂದರು ಬಂದವರು.

ಭಾವ ನನ್ನ ಕಡೆ ನೋಡಲಿಲ್ಲ.